ಪರಿಗ್ರಹಪರಿಮಾಣವೂ ಪಾಲಿನ ಕುದುರೆಯೂ

ಶ್ರೀ ವೀತರಾಗಾಯ ನಮಃ



ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನಲ್ಲಿರುವ ವಸ್ತುಗಳಿಗೆ ಮಿತಿಯನ್ನು ಹಾಕಿಕೊಳ್ಳುತ್ತಾನೆ. ತನ್ನಲ್ಲಿ ಇಲ್ಲದಿರುವ ವಸ್ತುಗಳನ್ನು ತ್ಯಜಿಸಿದೆನೆಂದು ಬರೆಯುತ್ತಾನೆ. ಮೊದಲನೆಯದು ಕಠಿಣ, ಎರಡನೆಯದು ಸುಲಭವೆಂದು ಎಲ್ಲರೂ ತಿಳಿಯುತ್ತಾರೆ. ಇಲ್ಲದ್ದನ್ನು ಬಿಡುವುದರಲ್ಲಿ ಕಷ್ಟವೇನು ಎಂಬುದು ಅವರ ಭಾವನೆ. ಆದರೆ ಇಲ್ಲದಿದ್ದ ವಸ್ತುವು ಒಂದು ದಿನ ತಾನಾಗಿಯೇ ಮನೆಯ ಬಾಗಿಲಿಗೆ ಬಂದು ನಿಂತಾಗ, ಅದೂ ಗುರುತು ಸಿಗದಂತೆ ವೇಷ ಮರೆಸಿಕೊಂಡು ಬಂದಾಗ, ಅಂದು ಸುಲಭವಾಗಿ ಮಾಡಿದ ತ್ಯಾಗಕ್ಕೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಮಳವಳ್ಳಿಯ ಒಬ್ಬ ಗೃಹಸ್ಥರಿಗೆ ಒದಗಿದ ಇಂತಹ ಪರೀಕ್ಷೆಯೇ ಈ ಸಂಚಿಕೆಯ ವಿಚಾರಕ್ಕೆ ವಿಷಯವಾಗಿದೆ.

ಈ ಗೃಹಸ್ಥರು ಪೇಟೆಯಲ್ಲಿ ಸಣ್ಣ ಜವಳಿ ವ್ಯಾಪಾರ ಮಾಡಿಕೊಂಡವರು. 2018ರಲ್ಲಿ ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿಯ ಮಹಾಮಸ್ತಕಾಭಿಷೇಕ ನೆರವೇರಿದಾಗ ಪತ್ನಿಯೊಡನೆ ಯಾತ್ರೆ ಮಾಡಿ, ಮುನಿಗಳ ಸನ್ನಿಧಿಯಲ್ಲಿ ಪಂಚಾಣುವ್ರತಗಳನ್ನು ಸ್ವೀಕರಿಸಿದರು. ಊರಿಗೆ ಮರಳಿದ ಮೇಲೆ ಒಂದು ಪುಸ್ತಕವನ್ನು ತೆಗೆದು, ಶಾಸ್ತ್ರದಲ್ಲಿ ಹೇಳಿರುವ ಹತ್ತು ಬಗೆಯ ಬಾಹ್ಯ ಪರಿಗ್ರಹಗಳನ್ನು ಒಂದರ ಕೆಳಗೊಂದು ಬರೆದರು: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಪ್ರತಿಯೊಂದರ ಮುಂದೆ ತಮ್ಮ ಮಿತಿಯನ್ನು ಗುರುತಿಸಿದರು. ಗದ್ದೆ ಇಷ್ಟು, ಮನೆ ಒಂದು, ರೊಕ್ಕ ಇಷ್ಟರೊಳಗೆ, ಬಂಗಾರ ಇಷ್ಟರೊಳಗೆ. ಧನವೆಂಬ ಸಾಲಿನಲ್ಲಿ 'ಹಸು ಎರಡು, ಅವುಗಳ ಕರು. ಆನೆ, ಕುದುರೆ, ಒಂಟೆ ಸರ್ವಥಾ ತ್ಯಾಗ' ಎಂದು ಬರೆದರು. ಬರೆಯುವಾಗ ದಂಪತಿಗಳಿಬ್ಬರೂ ನಕ್ಕರಂತೆ. ಈ ಕಾಲದಲ್ಲಿ, ಮಳವಳ್ಳಿಯ ಪೇಟೆಯಲ್ಲಿ, ಯಾರ ಮನೆಯ ಹಿತ್ತಿಲಲ್ಲಿ ಕುದುರೆ ಕಟ್ಟಿದೆ!

ಕೆಲವು ವರ್ಷಗಳು ಕಳೆದವು. ಒಂದು ಭಾದ್ರಪದದಲ್ಲಿ ದಶಲಕ್ಷಣ ಪರ್ವ ನಡೆಯುತ್ತಿರುವಾಗ, ದ್ವಾದಶಿಯ ದಿನ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಸೋದರಳಿಯನು ಮನೆಗೆ ಬಂದನು. ಅಂದು ಉತ್ತಮ ತ್ಯಾಗಧರ್ಮದ ದಿನ. ಊಟವಾದ ಮೇಲೆ ಅಳಿಯನು ಒಂದು ಕಾಗದವನ್ನು ಮುಂದಿಟ್ಟು, "ಮಾವ, ಇದರಲ್ಲಿ ಮೋಸವಿಲ್ಲ, ಜೂಜೂ ಇಲ್ಲ. ಒಂದು ಒಳ್ಳೆಯ ಜಾತಿಯ ಗಂಡುಕುದುರೆಯನ್ನು ನಲವತ್ತು ಪಾಲು ಮಾಡಿದ್ದಾರೆ. ನಾವು ಐವರು ಕೂಡಿ ಒಂದು ಪಾಲು ಕೊಳ್ಳುತ್ತೇವೆ. ನೀವು ಎರಡು ಲಕ್ಷ ಹಾಕಿದರೆ ಸಾಕು. ನೀವು ಕುದುರೆಯನ್ನು ನೋಡುವ ಅಗತ್ಯವೂ ಇಲ್ಲ" ಎಂದನು. ಮಾವನ ಹೆಸರಿನಲ್ಲಿ ತಾನೇ ಇಪ್ಪತ್ತೈದು ಸಾವಿರ ಮುಂಗಡವನ್ನು ಕೊಟ್ಟು ಬರುವೆನೆಂದೂ ಹೇಳಿದನು. ಗೃಹಸ್ಥರು ಸ್ವಲ್ಪ ಯೋಚಿಸಿ, ಆಗಲಿ ಎಂದು ಮಾತು ಕೊಟ್ಟರು. ಅವರ ರೊಕ್ಕದ ಮಿತಿಯೊಳಗೆ ಆ ಎರಡು ಲಕ್ಷವು ಸರಿಯಾಗಿ ಹಿಡಿಸುತ್ತಿತ್ತು.

ಕುದುರೆಯ ಸಾಕಣೆಯು ಈ ಸೀಮೆಗೆ ಅಪರಿಚಿತವಾದುದಲ್ಲ. ಮಳವಳ್ಳಿಯಿಂದ ಮದ್ದೂರು, ಹುಲಿಯೂರುದುರ್ಗದ ಮೂಲಕ ಉತ್ತರಕ್ಕೆ ಹೋಗುವ ದಾರಿಯು ಕುಣಿಗಲ್ಲನ್ನು ಸೇರುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಬೇಕಾದ ಕುದುರೆಗಳನ್ನು ಅಲ್ಲಿ ಸಾಕುತ್ತಿದ್ದರು. ಬಳಿಕ ಬ್ರಿಟಿಷರೂ ಮೈಸೂರು ಸಂಸ್ಥಾನದವರೂ ಅದನ್ನು ಮುಂದುವರಿಸಿದರು. ಕಾಲಕ್ರಮದಲ್ಲಿ ಯುದ್ಧದ ಕುದುರೆಯ ಸ್ಥಾನಕ್ಕೆ ಓಟದ ಪಂದ್ಯದ ಕುದುರೆ ಬಂದಿತು. 1992ರಲ್ಲಿ ಆ ಫಾರಂ ಖಾಸಗಿ ಸಂಸ್ಥೆಗೆ ಗುತ್ತಿಗೆಗೆ ಹೋಯಿತು. ಅಳಿಯನು ಹೇಳಿದ ಕುದುರೆಯು ಅಲ್ಲಿಯದಲ್ಲ, ದೂರದ ಬೇರೊಂದು ಕಡೆಯದು. ಆದರೆ ವ್ಯವಹಾರದ ರೀತಿಯು ಲೋಕದಲ್ಲೆಲ್ಲ ಒಂದೇ.

ಆ ರೀತಿಯನ್ನು ಶ್ರಾವಕರು ತಿಳಿದಿರುವುದು ಒಳ್ಳೆಯದು. ಓಟದ ಪಂದ್ಯಕ್ಕೆ ಬೆಳೆಸುವ ಥರೋಬ್ರೆಡ್ ಎಂಬ ಜಾತಿಯ ಕುದುರೆಗಳ ತಂದೆಯ ಕಡೆಯ ವಂಶವು, 17ನೆಯ ಶತಮಾನದ ಕೊನೆಯಲ್ಲಿ ಮತ್ತು 18ನೆಯ ಶತಮಾನದ ಆದಿಯಲ್ಲಿ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಒಯ್ದ ಮೂರು ಗಂಡುಕುದುರೆಗಳಿಗೆ ಹೋಗಿ ಮುಟ್ಟುತ್ತದೆ. ಪಂದ್ಯಗಳಲ್ಲಿ ಗೆದ್ದ ಕುದುರೆಯನ್ನು ಓಟದಿಂದ ಬಿಡಿಸಿ ಬೀಜಕ್ಕೆ ನಿಲ್ಲಿಸುತ್ತಾರೆ. ಅದರ ಬೆಲೆಯನ್ನು ಒಬ್ಬರೇ ತೆರಲಾರದಷ್ಟಾದಾಗ, ಅದನ್ನು ಸಾಮಾನ್ಯವಾಗಿ ನಲವತ್ತು ಪಾಲುಗಳಾಗಿ ಹಂಚುತ್ತಾರೆ. ಒಂದು ಪಾಲನ್ನು ಕೊಂಡವನಿಗೆ ಪ್ರತಿವರ್ಷದ ಋತುವಿನಲ್ಲಿ ಒಂದು ಹೆಣ್ಣುಕುದುರೆಯನ್ನು ಅದರ ಬಳಿಗೆ ಕಳುಹಿಸುವ ಹಕ್ಕು ದೊರೆಯುತ್ತದೆ. ತನ್ನಲ್ಲಿ ಹೆಣ್ಣುಕುದುರೆ ಇಲ್ಲದವನು ಆ ಹಕ್ಕನ್ನು ಇನ್ನೊಬ್ಬನಿಗೆ ಮಾರಿಕೊಳ್ಳಬಹುದು. 1973ರಲ್ಲಿ ಅಮೆರಿಕದ ಸೆಕ್ರೆಟೇರಿಯೆಟ್ ಎಂಬ ಕುದುರೆಯನ್ನು 32 ಪಾಲು ಮಾಡಿ, ಪಾಲೊಂದಕ್ಕೆ 1,90,000 ಡಾಲರಿನಂತೆ ಮಾರಿದರು. ಒಟ್ಟು ಮೊತ್ತ 60 ಲಕ್ಷ ಡಾಲರನ್ನು ಮೀರಿತು.

ಇಲ್ಲಿ ಒಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ದನಗಳಿಗೆ ಈಗ ಊರೂರಿನಲ್ಲಿ ಮಾಡುವಂತೆ ಸೂಜಿಯ ಮೂಲಕ ಗರ್ಭಧಾರಣೆ ಮಾಡಿಸಿದರೆ, ಹುಟ್ಟಿದ ಮರಿಗೆ ಥರೋಬ್ರೆಡ್ ವಂಶಾವಳಿಯಲ್ಲಿ ಸ್ಥಾನವಿಲ್ಲ. ಆದುದರಿಂದ ಎಷ್ಟು ಹಕ್ಕುಗಳು ಮಾರಾಟವಾಗುತ್ತವೆಯೋ ಅಷ್ಟು ಸಲವೂ ಆ ಜೀವಿಯು ತನ್ನ ದೇಹದಿಂದಲೇ ತೀರಿಸಬೇಕು. ಹಿಂದೆ ಒಂದು ಋತುವಿನಲ್ಲಿ ನಲವತ್ತರ ಆಸುಪಾಸಿನಲ್ಲಿದ್ದ ಸಂಖ್ಯೆಯು, ಬೇಡಿಕೆಯುಳ್ಳ ಕುದುರೆಗಳಿಗೆ ಈಗ ನೂರನ್ನು ದಾಟಿ ಹೋಗುತ್ತದೆ. ಹೆಣ್ಣುಕುದುರೆಯ ಗರ್ಭಾವಧಿಯು ಹನ್ನೊಂದು ತಿಂಗಳು. ಮರಿಯು ಯಾವ ತಿಂಗಳಲ್ಲಿ ಹುಟ್ಟಿದರೂ ನಮ್ಮ ದೇಶದಲ್ಲಿ ಅದರ ವಯಸ್ಸನ್ನು ಜನವರಿ 1ರಿಂದ ಎಣಿಸುವ ನಿಯಮವಿರುವುದರಿಂದ, ವರ್ಷದ ಆದಿಯಲ್ಲಿ ಹುಟ್ಟಿದ ಮರಿಗೆ ಬೆಲೆ ಹೆಚ್ಚು. ಹಗಲು ದೀರ್ಘವಾಗುವ ಕಾಲದಲ್ಲಿ ಬೆದೆಗೆ ಬರುವುದು ಹೆಣ್ಣುಕುದುರೆಯ ಸ್ವಭಾವ. ಅದನ್ನು ಬೇಗ ತರುವುದಕ್ಕಾಗಿ ಚಳಿಗಾಲದ ರಾತ್ರಿಗಳಲ್ಲಿ ಲಾಯದೊಳಗೆ ದೀಪಗಳನ್ನು ಉರಿಸುವ ಪದ್ಧತಿಯುಂಟು. ಹೀಗೆ ಕಾಗದದ ಮೇಲೆ ಶಾಂತವಾಗಿ ಕಾಣುವ ಪಾಲಿನ ಹಿಂದೆ, ಪ್ರಕೃತಿಯ ಋತುವನ್ನೇ ಎಳೆದು ತರುವ ಆತುರವಿದೆ.

ಮಾತು ಕೊಟ್ಟ ಮರುದಿನ ತ್ರಯೋದಶಿ, ಉತ್ತಮ ಆಕಿಂಚನ್ಯಧರ್ಮದ ದಿನ. ಗೃಹಸ್ಥರು ಏಕಭುಕ್ತ ಮಾಡಿ, ಪ್ರೋಷಧೋಪವಾಸವನ್ನು ಸಂಕಲ್ಪಿಸಿದರು. ಚತುರ್ದಶಿಯ ಪ್ರಾತಃಕಾಲದಲ್ಲಿ ಸಾಮಾಯಿಕಕ್ಕೆ ಕುಳಿತರು. ಜಪಮಾಲೆಯು ಕೈಯಲ್ಲಿ ತಿರುಗುತ್ತಿತ್ತು. ಮನಸ್ಸು ಮಾತ್ರ ಬೇರೆಯದನ್ನು ಎಣಿಸುತ್ತಿತ್ತು. ಈ ವರ್ಷದ ಹಕ್ಕಿನ ಐದನೆಯ ಒಂದಂಶ ಇಷ್ಟಕ್ಕೆ ಹೋದರೆ, ಮುಂದಿನ ವರ್ಷ ಅದರ ಮರಿಯೊಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಗೆದ್ದರೆ, ಆಗ ಹಕ್ಕಿನ ಬೆಲೆ ಇಮ್ಮಡಿಯಾದರೆ, ಹತ್ತು ವರ್ಷಗಳಲ್ಲಿ ಮೊಮ್ಮಗಳ ವಿವಾಹದ ವೆಚ್ಚವೆಲ್ಲ ಅದರಲ್ಲಿಯೇ ಕಳೆದರೆ, ಎಂದು ಲೆಕ್ಕ ಬೆಳೆಯಿತು. ಅಷ್ಟರಲ್ಲಿ ಮಾಲೆಯ ಮೇರುಮಣಿಯು ಬೆರಳಿಗೆ ತಾಗಿತು. ನೂರೆಂಟು ಜಪಗಳಲ್ಲಿ ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ.

ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಕೊನೆಯವೆರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಎಂದರೆ ವ್ರತದಲ್ಲಿ ಉತ್ಸಾಹವಿಲ್ಲದಿರುವುದು ಮತ್ತು ಮಾಡುತ್ತಿರುವ ಕ್ರಿಯೆಯ ನೆನಪು ನಿಲ್ಲದಿರುವುದು. ಅನ್ನವನ್ನು ಬಿಟ್ಟ ಮಾತ್ರಕ್ಕೆ ಉಪವಾಸವಾಗುವುದಿಲ್ಲ. ಆತ್ಮನ ಸಮೀಪದಲ್ಲಿ ವಾಸಿಸಬೇಕಾದ ದಿನದಲ್ಲಿ ಕುದುರೆಯ ಲಾಯದ ಸಮೀಪದಲ್ಲಿ ವಾಸಿಸಿದವನು ಹಸಿದಿದ್ದನು, ಅಷ್ಟೆ. ಗೃಹಸ್ಥರಿಗೆ ಇದು ಮನಸ್ಸಿಗೆ ನಾಟಿತು. ಆದರೂ ಅವರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡರು: ಏಕಾಗ್ರತೆ ಕೆಟ್ಟಿತು, ನಿಜ, ವ್ಯವಹಾರದಲ್ಲಿ ದೋಷವಿಲ್ಲವಲ್ಲ.

ಪೂರ್ಣಿಮೆಯಂದು ಪಾರಣೆಯಾದ ಮೇಲೆ ಪತ್ನಿಯು ವ್ರತದ ಪುಸ್ತಕವನ್ನು ತಂದು ಅವರ ಮುಂದಿಟ್ಟಳು. ಆಕೆಯು ಹೆಚ್ಚು ಓದಿದವಳಲ್ಲ. ಉಪದೇಶ ಮಾಡುವ ಸ್ವಭಾವವೂ ಆಕೆಯದಲ್ಲ. "ಅಳಿಯಂದಿರು ಹೇಳಿದ ಕುದುರೆಯನ್ನು ಯಾವ ಸಾಲಿನಲ್ಲಿ ಬರೆಯುತ್ತೀರಿ? ಬರೆದುಬಿಡಿ, ಮರೆತು ಹೋದೀತು" ಎಂದಳು. ಗೃಹಸ್ಥರು ಲೇಖನಿಯನ್ನು ಹಿಡಿದು, ಹಿರಣ್ಯವೆಂಬ ಸಾಲಿನ ಮೇಲೆ ಕೈಯಿಟ್ಟರು. ರೊಕ್ಕ ಕೊಟ್ಟು ಕಾಗದವನ್ನು ಪಡೆದದ್ದು, ಆದುದರಿಂದ ಅದು ರೊಕ್ಕದ ಲೆಕ್ಕವೇ ಸರಿ ಎಂಬುದು ಅವರ ಯೋಚನೆ. ಅದರ ಕೆಳಗೆ ಎರಡು ಸಾಲು ದಾಟಿದರೆ ಧನವೆಂಬ ಸಾಲು. ಅಲ್ಲಿ ಅವರದೇ ಅಕ್ಷರದಲ್ಲಿ 'ಕುದುರೆ ಸರ್ವಥಾ ತ್ಯಾಗ' ಎಂದಿತ್ತು. ಕೈಯು ಅಲ್ಲಿಯೇ ನಿಂತಿತು. ಎರಡು ಸಾಲುಗಳಲ್ಲಿ ಯಾವುದರಲ್ಲಿ ಬರೆಯಬೇಕೆಂಬುದು ಗೊತ್ತಿಲ್ಲದೆ ಅಲ್ಲ; ಗೊತ್ತಿದ್ದೂ ಬೇರೆಯದನ್ನು ಆರಿಸಿಕೊಂಡೆನೆಂಬುದು ಆ ಕ್ಷಣದಲ್ಲಿ ತಿಳಿದುದರಿಂದ.

ಈ ಎರಡು ಸಾಲುಗಳ ಭೇದವನ್ನು ಶಾಸ್ತ್ರವು ಸ್ಪಷ್ಟವಾಗಿ ಹೇಳಿದೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯನ್ನು ರಚಿಸಿದ, ಕನ್ನಡನಾಡಿಗೆ ಚಿರಪರಿಚಿತರಾದ ಪೂಜ್ಯಪಾದಾಚಾರ್ಯರು, ವ್ಯವಹಾರಕ್ಕೆ ಸಾಧನವಾದ ನಾಣ್ಯಾದಿಗಳನ್ನು ಹಿರಣ್ಯವೆಂದೂ, ಹಸು ಮೊದಲಾದ ಪ್ರಾಣಿಗಳನ್ನು ಧನವೆಂದೂ ವಿವರಿಸಿದ್ದಾರೆ. ಇಂದು ಧನವೆಂದರೆ ಹಣವೆಂದು ಕಿವಿಗೆ ಕೇಳುತ್ತದೆ. ಆದರೆ ಹಳ್ಳಿಯ ರೈತನ ನಾಲಗೆಯಲ್ಲಿ ಅದೇ ಶಬ್ದವು 'ದನ'ವಾಗಿ, ಉಸಿರಾಡುವ ಪ್ರಾಣಿ ಎಂಬ ಹಳೆಯ ಅರ್ಥವನ್ನು ಬಿಡದೆ ಉಳಿಸಿಕೊಂಡಿದೆ. ಹಣವಾಗಿ ಕಾಣುವುದರೊಳಗೆ ಜೀವವಿದೆಯೇ ಎಂದು ನೋಡುವುದೇ ಈ ವ್ರತದ ಕಣ್ಣು. ಪಾಲಿನ ಕುದುರೆಯು ಹಿರಣ್ಯದ ವೇಷದಲ್ಲಿ ಬಂದ ಧನ. ನಲವತ್ತರಲ್ಲಿ ಒಂದು ಪಾಲು, ಅದರಲ್ಲಿಯೂ ಐದನೆಯ ಒಂದಂಶ ಎಂದು ಲೆಕ್ಕವನ್ನು ಎಷ್ಟು ಸಣ್ಣದು ಮಾಡಿದರೂ, ಪಂಚೇಂದ್ರಿಯವುಳ್ಳ, ಮನಸ್ಸುಳ್ಳ ಆ ಸಂಜ್ಞಿಜೀವಿಯು ಇನ್ನೂರು ತುಂಡಾಗುವುದಿಲ್ಲ. ನೋವಾದರೆ ಇಡೀ ಕುದುರೆಗೆ ನೋವಾಗುತ್ತದೆ.

ಆದರೆ ಪಾಲುದಾರನು ಕುದುರೆಯನ್ನು ಮುಟ್ಟುವುದೂ ಇಲ್ಲ, ಓಡಿಸುವುದೂ ಇಲ್ಲವಲ್ಲ ಎಂಬ ಪ್ರಶ್ನೆ ಬರಬಹುದು. ಇದಕ್ಕೆ ಉತ್ತರವು ಜಪಮಾಲೆಯಲ್ಲಿಯೇ ಇದೆ. ಸಂರಂಭ, ಸಮಾರಂಭ, ಆರಂಭವೆಂಬ ಮೂರು, ಮನೋವಚನಕಾಯಗಳೆಂಬ ಮೂರು, ಕೃತ, ಕಾರಿತ, ಅನುಮೋದನೆಯೆಂಬ ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108 ಆಗುತ್ತದೆ. ಕರ್ಮವು ಒಳಗೆ ಬರುವ ಈ 108 ಬಾಗಿಲುಗಳನ್ನು ನೆನಪಿಸಲೆಂದೇ ಮಾಲೆಯಲ್ಲಿ 108 ಮಣಿಗಳಿವೆ ಎಂದು ಹಿರಿಯರು ಹೇಳುತ್ತಾರೆ. ಸ್ವತಃ ಮಾಡದಿದ್ದರೆ ಕೃತವೆಂಬ ಬಾಗಿಲು ಮುಚ್ಚಿತು. ಹಣ ಕೊಟ್ಟು ಮಾಡಿಸಿದರೆ ಕಾರಿತವೆಂಬುದು ತೆರೆಯಿತು. ಮಾಡುವವರ ಲಾಭದಲ್ಲಿ ಸಂತೋಷಪಟ್ಟರೆ ಅನುಮೋದನೆಯೆಂಬುದು ತೆರೆಯಿತು. ನೋಡುವ ಅಗತ್ಯವೂ ಇಲ್ಲ ಎಂದು ಅಳಿಯನು ಅನುಕೂಲವೆಂದು ಹೇಳಿದ ಮಾತೇ ಅಪಾಯದ ಮಾತು. ಮನೆಯ ಹಸುವು ಕುಂಟಿದರೆ ಯಜಮಾನನಿಗೆ ಕಾಣುತ್ತದೆ, ಕರುಣೆ ಹುಟ್ಟುತ್ತದೆ. ಕಾಣದ ಪ್ರಾಣಿಯ ಕುಂಟು ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ಮಾತ್ರ ಕಾಣುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಈ ವ್ಯವಹಾರದ ಪಕ್ಕದಲ್ಲಿಟ್ಟು ನೋಡಬಹುದು. ಪ್ರಾಣಿಯನ್ನು ಸುಖವಾಗಿ ನಡೆಯಬಲ್ಲುದಕ್ಕಿಂತ ಹೆಚ್ಚು ನಡೆಸುವುದು ಅತಿವಾಹನ. ಎಲುಬು ಬಲಿಯುವ ಮೊದಲೇ, ಎರಡು ವರ್ಷದ ಪ್ರಾಯದಲ್ಲಿಯೇ ಮರಿಯನ್ನು ಪಂದ್ಯದಲ್ಲಿ ಓಡಿಸುವುದು ಇದಲ್ಲದೆ ಮತ್ತೇನು? ಮುಂದೆ ವಿಶೇಷ ಲಾಭವಾದೀತೆಂದು ಕೂಡಿಡುವುದು ಅತಿಸಂಗ್ರಹ. ಇತರರಿಗೆ ತನಗಿಂತ ಹೆಚ್ಚು ಲಾಭವಾದುದನ್ನು ಕಂಡು ಬೆರಗಾಗಿ ಮರುಗುವುದು ಅತಿವಿಸ್ಮಯ. ಪಕ್ಕದ ಪಾಲುದಾರನ ಮರಿಯು ಹೆಚ್ಚಿಗೆ ಮಾರಾಟವಾದ ಸುದ್ದಿಯನ್ನು ಕೇಳಿದವನ ಸ್ಥಿತಿಯಿದು. ಬಂದ ಲಾಭದಿಂದ ತೃಪ್ತನಾಗದಿರುವುದು ಅತಿಲೋಭ. ಹೊರಬಲ್ಲುದಕ್ಕಿಂತ ಹೆಚ್ಚು ಹೇರುವುದು ಅತಿಭಾರವಾಹನ. ನಲವತ್ತು ನೂರಾದುದನ್ನು ಮೇಲೆ ಹೇಳಿದೆ. ಇನ್ನು ಅನರ್ಥದಂಡವಿರತಿಯಲ್ಲಿ ಮೊದಲು ಬರುವ ಪಾಪೋಪದೇಶದ ವಿವರಣೆಯಲ್ಲಿ ತಿರ್ಯಗ್ವಾಣಿಜ್ಯವೂ ಸೇರಿದೆ. ಪ್ರಾಣಿಗಳನ್ನು ಇಲ್ಲಿ ಕೊಂಡು ಅಲ್ಲಿ ಮಾರಿದರೆ ಲಾಭವೆಂದು ಇನ್ನೊಬ್ಬನಿಗೆ ದಾರಿ ತೋರಿಸುವ ಮಾತೂ ದೋಷವೆಂದ ಮೇಲೆ, ಆ ದಾರಿಯಲ್ಲಿ ನಡೆಯುವುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕೆಲವರು ಬ್ರಹ್ಮಚರ್ಯಾಣುವ್ರತದ ಅತಿಚಾರವಾದ ಪರವಿವಾಹಕರಣವನ್ನೂ ಇಲ್ಲಿಗೆ ಎಳೆದು ತರಲು ನೋಡುತ್ತಾರೆ. ಅದು ಮನುಷ್ಯರ ವಿವಾಹವನ್ನು ಕುರಿತ ಮಾತು. ಅದನ್ನು ಹಿಗ್ಗಿಸುವುದು ಅನಗತ್ಯ. ದೋಷವನ್ನು ತೋರಿಸಲು ಶಾಸ್ತ್ರದ ನೇರವಾದ ಮಾತೇ ಸಾಕಾಗಿರುವಾಗ ಅದನ್ನು ಎಳೆಯಬಾರದು.

ಬೀಜದ ಕುದುರೆಗಳನ್ನು ರಾಜಕುಮಾರರಂತೆ ಸಾಕುತ್ತಾರೆ, ವೈದ್ಯರಿರುತ್ತಾರೆ, ಹುಲ್ಲುಗಾವಲಿರುತ್ತದೆ. ಜಟಕಾ ಎಳೆಯುವ ಕುದುರೆಗಿಂತ ಅವುಗಳ ಬಾಳು ಮೇಲಲ್ಲವೇ ಎಂಬುದು ಮತ್ತೊಂದು ವಾದ. ಇದರಲ್ಲಿ ಸತ್ಯಾಂಶವಿದೆ, ಅದನ್ನು ನಿರಾಕರಿಸಬೇಕಾಗಿಲ್ಲ. ಆದರೆ ಆ ಆರೈಕೆಯು ಕರುಣೆಯಿಂದ ಬಂದುದೋ ಬೆಲೆಯಿಂದ ಬಂದುದೋ ಎಂಬುದು ಬೆಲೆ ಇಳಿದ ದಿನ ಗೊತ್ತಾಗುತ್ತದೆ. ಫರ್ಡಿನೆಂಡ್ ಎಂಬ ಕುದುರೆಯು 1986ರಲ್ಲಿ ಅಮೆರಿಕದ ಅತ್ಯಂತ ಪ್ರಸಿದ್ಧವಾದ ಕೆಂಟಕಿ ಡರ್ಬಿ ಪಂದ್ಯವನ್ನು ಗೆದ್ದಿತು. ಮರುವರ್ಷ ಆ ದೇಶದ ವರ್ಷದ ಕುದುರೆಯೆಂಬ ಗೌರವವನ್ನು ಪಡೆಯಿತು. 1994ರಲ್ಲಿ ಅದನ್ನು ಬೀಜಕ್ಕಾಗಿ ಜಪಾನಿಗೆ ಕಳುಹಿಸಿದರು. ಅದರ ಸಂತಾನಕ್ಕೆ ಬೇಡಿಕೆ ಕಡಿಮೆಯಾಯಿತು. 2002ರಲ್ಲಿ ಅದು ಕಸಾಯಿಖಾನೆಯಲ್ಲಿ ಕೊನೆಗೊಂಡಿತೆಂಬ ವಾರ್ತೆಯು ಮುಂದಿನ ವರ್ಷ ಬಂದಾಗ, ಅದಕ್ಕೆ ಹಿಂದೆ ಜಯಘೋಷ ಮಾಡಿದ್ದ ಜನರೇ ಕಣ್ಣೀರಿಟ್ಟರು. ಗೆದ್ದ ಕುದುರೆಯ ಗತಿಯೇ ಹೀಗಾದರೆ, ಗೆಲ್ಲದೆ ಉಳಿಯುವ ಬಹುಸಂಖ್ಯೆಯ ಮರಿಗಳ ಗತಿಯನ್ನು ಪಾಲುದಾರನು ಒಮ್ಮೆಯಾದರೂ ಕೇಳಬೇಡವೇ?

ಒಡೆತನದ ಭರವಸೆಯಾದರೂ ಗಟ್ಟಿಯಾದುದೇ? 1981ರಲ್ಲಿ ಇಂಗ್ಲೆಂಡಿನ ಡರ್ಬಿಯನ್ನು ಹತ್ತು ಕುದುರೆಯುದ್ದದ ಅಂತರದಿಂದ ಗೆದ್ದ ಶೆರ್ಗಾರ್ ಎಂಬ ಕುದುರೆಯನ್ನು 40 ಪಾಲು ಮಾಡಿ, ಪಾಲೊಂದಕ್ಕೆ 2,50,000 ಪೌಂಡಿನಂತೆ ಒಂದು ಕೋಟಿ ಪೌಂಡಿಗೆ ಬೆಲೆ ಕಟ್ಟಿದ್ದರು. ಅದು ಬೀಜಕ್ಕೆ ನಿಂತು ಒಂದೇ ಋತು ಕಳೆದಿತ್ತು. 1983ರ ಫೆಬ್ರವರಿ 8ರ ರಾತ್ರಿ ಶಸ್ತ್ರಧಾರಿಗಳು ಐರ್ಲೆಂಡಿನ ಫಾರಂಗೆ ನುಗ್ಗಿ ಅದನ್ನು ಕದ್ದೊಯ್ದರು. ಮತ್ತೆ ಅದು ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಕಳವಿಗೂ ವಿಮೆ ಮಾಡಿಸಿದ್ದ ಪಾಲುದಾರರಿಗೆ ಹಣ ಬಂದಿತು. ಮರಣಕ್ಕೆ ಮಾತ್ರ ವಿಮೆ ಮಾಡಿಸಿದ್ದವರಿಗೆ, ಕುದುರೆ ಸತ್ತಿತೆಂದು ಸಿದ್ಧಪಡಿಸುವ ದಾರಿಯೇ ಇಲ್ಲವಾಯಿತು. ಆ ಕುದುರೆಯ ಕೊನೆಯ ರಾತ್ರಿ ಹೇಗಿತ್ತೆಂದು ಮರುಗಬೇಕಾದವರಿಗೆ, ಅದರ ಮರಣವನ್ನು ಸಿದ್ಧಪಡಿಸುವುದೇ ಬಯಕೆಯಾಗುವ ಸ್ಥಿತಿ ಬಂದಿತು. ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿ ಆಚಾರ್ಯರು ನಿರ್ಣಯಿಸಿದುದರ ಅರ್ಥವು ಇಂತಹಲ್ಲಿ ತಿಳಿಯುತ್ತದೆ.

ಅಳಿಯನು ಜೂಜಿಲ್ಲವೆಂದುದನ್ನೂ ವಿಚಾರಿಸಬೇಕು. ಕುದುರೆಯ ಪಂದ್ಯವು ಕೌಶಲದ ಆಟವೇ ಹೊರತು ಜೂಜಲ್ಲವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿದೆ. ಕಾನೂನಿನ ದೃಷ್ಟಿಯಲ್ಲಿ ಅಳಿಯನ ಮಾತು ಸರಿ. ಆದರೆ ಕಾನೂನು ಕೇಳುವ ಪ್ರಶ್ನೆಯೇ ಬೇರೆ, ವ್ರತವು ಕೇಳುವ ಪ್ರಶ್ನೆಯೇ ಬೇರೆ. ಶಿಕ್ಷೆಗೆ ಅರ್ಹವೇ ಎಂದು ಕಾನೂನು ಕೇಳುತ್ತದೆ. ಇದರಿಂದ ಕಷಾಯ ಬೆಳೆಯುತ್ತದೆಯೇ ಎಂದು ವ್ರತವು ಕೇಳುತ್ತದೆ. ಬೀಜದ ಕುದುರೆಯ ಬೆಲೆಯೆಲ್ಲ ಅದರ ಮರಿಗಳ ಓಟದ ಮೇಲೆ, ಆ ಓಟದ ವೈಭವವೆಲ್ಲ ಕಟ್ಟುವ ಪಣದ ಮೇಲೆ ನಿಂತಿದೆ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿರುವುದು, ಉಳಿದವುಗಳಿಗೆ ಅದು ಬಾಗಿಲೆಂಬ ಕಾರಣದಿಂದ.

ಪರಿಗ್ರಹದ ದೋಷಕ್ಕೆ ಸಮಂತಭದ್ರಾಚಾರ್ಯರು ಕೊಟ್ಟ ದೃಷ್ಟಾಂತವು ಶ್ಮಶ್ರುನವನೀತನದು. ಗೊಲ್ಲರ ಮನೆಯಲ್ಲಿ ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನವೂ ಒರಸಿ ಕೂಡಿಡುತ್ತಿದ್ದ ಲೋಭಿ ಅವನು. ಒಂದು ಚಳಿಯ ರಾತ್ರಿ ತುಪ್ಪದ ಗಡಿಗೆಯನ್ನು ಕಾಲಬಳಿ ತೂಗುಹಾಕಿ, ಕೆಳಗೆ ಬೆಂಕಿಯನ್ನಿಟ್ಟುಕೊಂಡು ಮಲಗಿ ಯೋಚಿಸಿದನು: ಈ ತುಪ್ಪವನ್ನು ಮಾರುವೆನು, ವ್ಯಾಪಾರ ಮಾಡುವೆನು, ಸಾಮಂತನಾಗುವೆನು, ಚಕ್ರವರ್ತಿಯಾಗುವೆನು, ಆಗ ಕಾಲೊತ್ತುವ ಸ್ತ್ರೀರತ್ನವನ್ನು, ನಿನಗೆ ಒತ್ತಲು ಬಾರದೆಂದು ಪ್ರೀತಿಯಿಂದ ಹೀಗೆ ಒದೆಯುವೆನು. ಒದೆದ ಕಾಲು ಗಡಿಗೆಗೆ ತಾಗಿತು; ತುಪ್ಪವು ಬೆಂಕಿಗೆ ಬಿದ್ದಿತು; ಅವನು ಸುಟ್ಟು ಸತ್ತು ದುರ್ಗತಿಗೆ ಹೋದನು. ಚತುರ್ದಶಿಯ ಸಾಮಾಯಿಕದಲ್ಲಿ ಕುಳಿತು ಹುಟ್ಟದ ಮರಿಯ ಗೆಲುವನ್ನೂ ಮೊಮ್ಮಗಳ ವಿವಾಹವನ್ನೂ ಎಣಿಸಿದ ಗೃಹಸ್ಥರಿಗೆ ಈ ಕಥೆಯು ಹೊಸದಾಗಿ ಕೇಳಿಸಿತು. ಬಾಲ್ಯದಿಂದ ಎಷ್ಟೋ ಸಲ ಕೇಳಿ ನಕ್ಕಿದ್ದ ಕಥೆ ಅದು.

ಕುದುರೆಯು ಧರ್ಮಕ್ಕೆ ಹೊರಗಿನ ಪ್ರಾಣಿಯಲ್ಲ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನವೇ ಕುದುರೆ. ಭರತ ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಪವನಂಜಯವೆಂಬ ಅಶ್ವವೂ ಒಂದು. ಅವನ ಸೈನ್ಯದಲ್ಲಿ ಹದಿನೆಂಟು ಕೋಟಿ ಕುದುರೆಗಳಿದ್ದುವೆಂದು ಪುರಾಣವು ಹೇಳುತ್ತದೆ. ಅಷ್ಟಿದ್ದೂ ಅವುಗಳಲ್ಲಿ ಮೂರ್ಛೆಯಿಲ್ಲದ ಭರತನಿಗೆ ದೀಕ್ಷೆ ವಹಿಸಿದ ಅಂತರ್ಮುಹೂರ್ತದಲ್ಲಿ ಕೇವಲಜ್ಞಾನ ಉಂಟಾಯಿತು. ಒಂದು ಕುದುರೆಯ ಇನ್ನೂರನೆಯ ಒಂದಂಶವು ಮಳವಳ್ಳಿಯ ಗೃಹಸ್ಥರ ಒಂದು ಉಪವಾಸವನ್ನು ಕೆಡಿಸಿತು. ಸಂಖ್ಯೆಯಲ್ಲಿ ಏನೂ ಇಲ್ಲ, ಎಲ್ಲವೂ ಮೂರ್ಛೆಯಲ್ಲಿದೆ. ಹಾಗಾದರೆ ಸಂಖ್ಯೆಗೆ ಮಿತಿಯೇಕೆ ಎಂದರೆ, ಭರತನಲ್ಲದ ಸಾಮಾನ್ಯರಿಗೆ ಮೂರ್ಛೆಯನ್ನು ಅಳೆಯಲು ಬೇರೆ ಕೋಲಿಲ್ಲದುದರಿಂದ.

ಗೃಹಸ್ಥರ ಮುಂದೆ ಈಗ ಒಂದು ತೊಡಕು ಉಳಿಯಿತು. ಅಳಿಯನಿಗೆ ಮಾತು ಕೊಟ್ಟಾಗಿತ್ತು. ಅವನು ತನ್ನ ಕೈಯಿಂದ ಮುಂಗಡವನ್ನೂ ಕೊಟ್ಟಾಗಿತ್ತು. ಹಿಂದೆಗೆದರೆ ಸತ್ಯಾಣುವ್ರತಕ್ಕೆ ಕುಂದು, ಮುಂದುವರಿದರೆ ಪರಿಗ್ರಹಪರಿಮಾಣಕ್ಕೆ ಕುಂದು. ಅವರು ಮದ್ದೂರು ತಾಲೂಕಿನ ಅರೆತಿಪ್ಪೂರಿಗೆ ಹೋಗಿ, ಬೆಟ್ಟದ ಮೇಲೆ ನಿಂತಿರುವ ಪ್ರಾಚೀನ ಬಾಹುಬಲಿ ಮೂರ್ತಿಯ ಮುಂದೆ ಬಹಳ ಹೊತ್ತು ಕುಳಿತರು. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನ ಮುಂದೆ ಇಪ್ಪತ್ತೈದು ಸಾವಿರದ ಪ್ರಶ್ನೆಯು ತನ್ನ ಅಳತೆಗೆ ಇಳಿಯಿತು. ದೋಷವನ್ನು ಮಾಡುವೆನೆಂದು ಕೊಟ್ಟ ಮಾತನ್ನು ನಡೆಸುವುದು ಸತ್ಯವಲ್ಲ. ಆದರೆ ಆ ಮಾತನ್ನು ನಂಬಿದವನಿಗೆ ನಷ್ಟವಾಗದಂತೆ ನೋಡುವುದು ಸತ್ಯದ ಋಣ. ಅವರು ಮರುದಿನವೇ ಬೆಂಗಳೂರಿಗೆ ಹೋಗಿ, ಅಳಿಯನ ಕೈಯಲ್ಲಿ ಇಪ್ಪತ್ತೈದು ಸಾವಿರವನ್ನು ಇಟ್ಟರು. "ತಪ್ಪು ನಿನ್ನದಲ್ಲಪ್ಪ. ನನ್ನ ಪುಸ್ತಕದಲ್ಲಿ ಕುದುರೆಗೆ ಜಾಗವಿಲ್ಲವೆಂದು ಅಂದೇ ಹೇಳಬೇಕಾಗಿತ್ತು, ಹೇಳಲಿಲ್ಲ" ಎಂದರು. ಅಳಿಯನಿಗೆ ಬೇಸರವಾಯಿತು. "ಮಾವ, ಒಂದು ಕಾಗದಕ್ಕೆ ಇಷ್ಟು ಯೋಚನೆಯೇ?" ಎಂದನು. ಅವನು ಬೇರೊಬ್ಬ ಗೆಳೆಯನನ್ನು ಸೇರಿಸಿಕೊಂಡು ಆ ಪಾಲನ್ನು ಕೊಂಡನು. ಮುಂದಿನ ಯುಗಾದಿಯವರೆಗೆ ಮಾವನ ಮನೆಗೆ ಬರಲೂ ಇಲ್ಲ.

ಆ ಕುದುರೆಯಿಂದ ಅಳಿಯನಿಗೆ ನಷ್ಟವಾಯಿತೆಂದು ಇಲ್ಲಿ ಹೇಳಿದರೆ ಕೇಳುವವರಿಗೆ ತೃಪ್ತಿಯಾಗಬಹುದು. ಆದರೆ ಅವನಿಗೆ ಲಾಭವೇ ಆಗಿದ್ದರೂ ಗೃಹಸ್ಥರ ನಿರ್ಣಯವು ಸರಿಯಾದುದೇ. ನಷ್ಟದ ಭಯದಿಂದ ಬಿಟ್ಟದ್ದು ಜಾಣತನ, ಲಾಭವಿದ್ದರೂ ಬಿಟ್ಟದ್ದು ವ್ರತ. ಪರಿಗ್ರಹಪರಿಮಾಣದಲ್ಲಿ ಆದರ್ಶನೆಂದು ಶಾಸ್ತ್ರವು ಹೊಗಳುವ ಜಯಕುಮಾರನನ್ನು ಪರೀಕ್ಷಿಸಲು ದೇವನು ಸ್ತ್ರೀವೇಷದಲ್ಲಿ ಬಂದು ವಿದ್ಯಾಧರರ ರಾಜ್ಯದ ಆಸೆಯನ್ನು ತೋರಿಸಿದನು. ಆ ರಾಜ್ಯದಲ್ಲಿ ಕೊರತೆಯಿದೆಯೆಂದು ಜಯನು ಅದನ್ನು ನಿರಾಕರಿಸಿದುದಲ್ಲ, ತನ್ನ ಮಿತಿಯು ಇಷ್ಟೆಂದು ನಿರಾಕರಿಸಿದನು.

ಗೃಹಸ್ಥರು ಕೆಟ್ಟುಹೋದ ಚತುರ್ದಶಿಯ ಉಪವಾಸಕ್ಕೆ ಪ್ರಾಯಶ್ಚಿತ್ತವಾಗಿ, ಮುನಿಗಳಲ್ಲಿ ಆಲೋಚನೆ ಮಾಡಿಕೊಂಡು, ಮುಂದಿನ ಅಷ್ಟಮಿಯಲ್ಲಿ ಮತ್ತೆ ಪ್ರೋಷಧೋಪವಾಸವನ್ನು ಆಚರಿಸಿದರು. ವ್ರತದ ಪುಸ್ತಕದಲ್ಲಿ ಧನದ ಸಾಲಿನ ಮುಂದೆ ಎರಡು ಶಬ್ದಗಳನ್ನು ಹೊಸದಾಗಿ ಸೇರಿಸಿದರು: 'ಪಾಲಿನಲ್ಲಿಯೂ ಇಲ್ಲ.'

ಶ್ರಾವಕಶ್ರಾವಿಕೆಯರೇ, ಇಂದಿನ ವ್ಯವಹಾರದಲ್ಲಿ ವಸ್ತುವು ವಸ್ತುವಾಗಿ ಬರುವುದು ಅಪರೂಪ. ಪಾಲಾಗಿ, ಪತ್ರವಾಗಿ, ಪರದೆಯ ಮೇಲಿನ ಅಂಕಿಯಾಗಿ ಬರುತ್ತದೆ. ಎಲ್ಲ ಪಾಲೂ ದೋಷವೆಂದು ಇಲ್ಲಿ ಹೇಳುತ್ತಿಲ್ಲ. ನ್ಯಾಯವಾದ ಸಂಪಾದನೆಯು ಗೃಹಸ್ಥನ ಧರ್ಮವೇ ಆಗಿದೆ. ಆದರೆ ಕೊಳ್ಳುವ ಮೊದಲು ಆ ಪತ್ರವು ಯಾವುದರ ಪಾಲು, ಅದು ಬೆಳೆಯಬೇಕಾದರೆ ಎಲ್ಲಿ ಯಾವ ಜೀವಿಯು ಏನನ್ನು ಸಹಿಸಬೇಕು ಎಂಬುದನ್ನು ಕೇಳಿ, ಅದರ ನಿಜವಾದ ಹೆಸರಿನಿಂದ ನಿಜವಾದ ಸಾಲಿನಲ್ಲಿ ಬರೆಯಿರಿ. ಬರೆಯಲು ಕೈ ಹಿಂಜರಿದರೆ ಉತ್ತರವು ದೊರೆತಂತೆಯೇ. ಬರುವ ಅಷ್ಟಮಿಯಂದು, ಉಪವಾಸದ ಸಂಕಲ್ಪಕ್ಕೆ ಮೊದಲು, ಮನೆಯವರೆಲ್ಲರೂ ಕೂಡಿ ಕುಳಿತು ನಿಮ್ಮ ವ್ರತದ ಪುಸ್ತಕವನ್ನು ಒಮ್ಮೆ ತೆರೆದು ಓದಿರಿ. ಪುಸ್ತಕವಿಲ್ಲದವರು ಅಂದು ಒಂದನ್ನು ಆರಂಭಿಸಿರಿ. ಇಲ್ಲದ ವಸ್ತುವಿನ ತ್ಯಾಗವನ್ನು ಬರೆಯುವಾಗ ನಗಬೇಡಿರಿ. ಅದು ಎಂದು ಬಾಗಿಲಿಗೆ ಬರುವುದೋ ಯಾರು ಬಲ್ಲರು.

ಶುಭಮಸ್ತು.